ಕೈಗೆ ಮೆತ್ತಿದ ರಸಾಯನ

ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ, ಲ್ಯಾಬಿನಲ್ಲಿ ಒಂದು ಅನಾಹುತ ಮಾಡಿಬಿಟ್ಟೆ. ಮಲೆನಾಡಿನ ಒಂದು ಕಾಲೇಜು, ಜಡಿಮಳೆಯ ದಿನ, ನಾನು ಹೊಸ ಡೆಮಾನ್‌ಸ್ಟ್ರೇಟರ್. ಕಪಾಟಿನ ಮೇಲಿನ ಹಲಗೆಯಲ್ಲಿದ್ದ ಪಾದರಸದ ಬಾಟಲಿಯನ್ನು ಇಳಿಸಲು ಹೋದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ಬಾಟಲಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ ಅಂತ ಹಿಂದಿನ ದಿನವೇ ಹುಡುಗರಿಗೆ ಹೇಳಿಕೊಟ್ಟಿದ್ದೆ. ಆದರೆ ಅದು ನನ್ನ ಬಾಯಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಬಾಟಲಿ ಜಾರಿತು, ಒಡೆಯಿತು, ಬೆಳ್ಳಿಯ ಗುಂಡುಗಳು ನೆಲದ ತುಂಬ ಓಡಿದವು.

ನಾನು ಮಂಡಿಯೂರಿ ಬೆರಳಲ್ಲಿ ಹಿಡಿಯಲು ನೋಡಿದೆ. ಒಂದು ಹನಿ ಮುಟ್ಟಿದರೆ ಹತ್ತಾಗುತ್ತಿತ್ತು. ನಮ್ಮ ಅಟೆಂಡರ್, ಆಗಲೇ ಐವತ್ತು ದಾಟಿದವರು, ಬಾಗಿಲಲ್ಲಿ ನಿಂತು ನೋಡಿ, "ಅಟ್ಟಿಸ್ಕೊಂಡು ಹೋಗ್ಬೇಡಿ ಸರ್, ಅದು ಕರು ಅಲ್ಲ" ಅಂದರು. ಎರಡು ಹಳೆಯ ಪೋಸ್ಟ್‌ಕಾರ್ಡು ತಂದರು. ಒಂದನ್ನು ಮೊರದ ಹಾಗೆ ಹಿಡಿದು, ಇನ್ನೊಂದರಿಂದ ಮೆಲ್ಲಗೆ ತಳ್ಳಿ, ಚೂರುಗಳನ್ನು ಒಟ್ಟುಗೂಡಿಸಿದರು. ಫಿಲ್ಟರ್ ಪೇಪರನ್ನು ಮಡಿಸಿ ಆಲಿಕೆಯಲ್ಲಿಟ್ಟು, ಅದರ ತುದಿಗೆ ಗುಂಡುಸೂಜಿಯಿಂದ ಒಂದೇ ಒಂದು ತೂತು ಚುಚ್ಚಿದರು. ಪಾದರಸ ಆ ತೂತಿನಿಂದ ನೂಲಿನ ಹಾಗೆ ಇಳಿಯಿತು. ಧೂಳು, ಗಾಜಿನ ಪುಡಿ ಎಲ್ಲ ಕಾಗದದಲ್ಲೇ ಉಳಿಯಿತು. ಆಮೇಲೆ ಅದನ್ನೊಂದು ಪಿಂಗಾಣಿ ಬಟ್ಟಲಿಗೆ ಹಾಕಿ, ನೀರು ಬೆರೆಸಿದ ನೈಟ್ರಿಕ್ ಆಮ್ಲ ಸುರಿದು, ಕಿಟಕಿಯ ಕಟ್ಟೆಯ ಮೇಲಿಟ್ಟು, "ಇನ್ನು ನಾಳೆ ನೋಡುವ" ಎಂದು ಮನೆಗೆ ಹೋದರು. ಈಗಿನವರು ಇದನ್ನು ಕೇಳಿದರೆ ಹೌಹಾರುತ್ತಾರೆ. ಪಾದರಸದ ಆವಿ ವಿಷ. ಚೆಲ್ಲಿದ ಜಾಗಕ್ಕೆ ಗಂಧಕದ ಪುಡಿ ಉದುರಿಸಬೇಕು, ಕಿಟಕಿ ತೆರೆಯಬೇಕು, ಬರಿಗೈಯಲ್ಲಿ ಮುಟ್ಟಬಾರದು. ಆಗ ನಮಗೆ ಆ ಭಯ ಇರಲಿಲ್ಲ. ಇರಬೇಕಿತ್ತು.

ಆ ಬಟ್ಟಲಿನ ಕಥೆ ಇನ್ನೂ ಸ್ವಲ್ಪ ಇದೆ, ಕೊನೆಗೆ ಹೇಳುತ್ತೇನೆ. ಇವತ್ತು ನಾನು ಮಾತನಾಡಲು ಬಂದಿರುವುದು ಅದೇ ಪಾದರಸದಿಂದ ಹೆಸರಾದ ಒಬ್ಬ ಪ್ರೊಫೆಸರ್ ಬಗ್ಗೆ: ಕಲ್ಕತ್ತೆಯ ಪ್ರಫುಲ್ಲಚಂದ್ರ ರಾಯ್. ಬಂಗಾಳಿಗಳು ಅವರನ್ನು ಆಚಾರ್ಯ ಎನ್ನುತ್ತಾರೆ. ನನ್ನ ಬಾಯಿಗೆ ರಾಯರು ಎಂದೇ ಬರುತ್ತದೆ. ಕೇಳುಗರು ಮಂತ್ರಾಲಯಕ್ಕೆ ಹೋಗಿಬಿಡಬಾರದು ಅಷ್ಟೆ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ 27 ವರ್ಷ, ಆಮೇಲೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಸೈನ್ಸ್ ಕಾಲೇಜಿನಲ್ಲಿ 20 ವರ್ಷ ಪಾಠ ಹೇಳಿದವರು. ಕಾರ್ಖಾನೆ ಕಟ್ಟಿದರು, ಇತಿಹಾಸ ಬರೆದರು, ನೆರೆ ಪರಿಹಾರಕ್ಕೆ ಓಡಾಡಿದರು. ಇವೆಲ್ಲ ಬೇರೆಬೇರೆ ಕೆಲಸ ಎಂದು ನಾನು ಬಹಳ ದಿನ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಕೈ ಕೊಳೆ ಮಾಡಿಕೊಳ್ಳದೆ ತಿಳಿವಳಿಕೆ ಬರುವುದಿಲ್ಲ ಎಂದು ನಂಬಿದ ಒಬ್ಬ ಮೇಷ್ಟರು, ಆ ನಂಬಿಕೆಯನ್ನು ಹೋದಲ್ಲೆಲ್ಲ ಒಯ್ದದ್ದು ಅಷ್ಟೆ.

ಅವರು ಹುಟ್ಟಿದ್ದು 1861ರ ಆಗಸ್ಟ್ 2ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ರಾರುಲಿ ಎಂಬ ಹಳ್ಳಿಯಲ್ಲಿ. ತಂದೆ ಜಮೀನ್ದಾರರು, ಮನೆಯಲ್ಲಿ ಒಳ್ಳೆಯ ಪುಸ್ತಕ ಭಂಡಾರ ಇತ್ತು. ಕಲ್ಕತ್ತೆಯ ಹೇರ್ ಸ್ಕೂಲಿನಲ್ಲಿ ಓದುವಾಗ, 1874ರಲ್ಲಿ ಹುಡುಗನಿಗೆ ಆಮಶಂಕೆ ಹಿಡಿಯಿತು. ಶಾಲೆ ಬಿಡಬೇಕಾಯಿತು. ಎರಡು ವರ್ಷ ಮನೆಯಲ್ಲೇ ಮಲಗಿ, ಕೂತು, ಅಪ್ಪನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ. ಹೊಟ್ಟೆ ಮಾತ್ರ ಕೊನೆಯ ತನಕ ಸರಿಹೋಗಲೇ ಇಲ್ಲ. ಅಜೀರ್ಣ, ನಿದ್ರೆಗೇಡು ಜನ್ಮದ ಜೊತೆಗಾರರಾದವು. ಮುಂದೆ ಅಷ್ಟೊಂದು ಕೆಲಸ ಮಾಡಿದ ದೇಹ ಅದು ಅಂದರೆ ನಂಬುವುದು ಕಷ್ಟ: ಸಣಕಲು ಮೈ, ಹಿಡಿ ಅನ್ನ, ಗಡಿಯಾರ ನೋಡಿ ಬದುಕು.

ಓದಿದ್ದು ವಿದ್ಯಾಸಾಗರರು ಕಟ್ಟಿದ ಮೆಟ್ರೊಪಾಲಿಟನ್ ಕಾಲೇಜಿನಲ್ಲಿ. ಅಲ್ಲಿ ರಸಾಯನಶಾಸ್ತ್ರಕ್ಕೆ ಏರ್ಪಾಡಿರಲಿಲ್ಲ, ಆದ್ದರಿಂದ ಹುಡುಗರು ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ ಪಾಠ ಕೇಳಬೇಕಿತ್ತು. ಅಲ್ಲಿದ್ದವರು ಅಲೆಕ್ಸಾಂಡರ್ ಪೆಡ್ಲರ್ ಎಂಬ ಇಂಗ್ಲಿಷ್ ಪ್ರೊಫೆಸರ್. ತರಗತಿಯಲ್ಲೇ ಪ್ರಯೋಗ ಮಾಡಿ ತೋರಿಸುವುದರಲ್ಲಿ ಎತ್ತಿದ ಕೈ. ಸಾಹಿತ್ಯದ ಹುಚ್ಚಿದ್ದ ಹುಡುಗ ರಸಾಯನದ ಕಡೆ ಹೊರಳಿದ್ದು ಪೆಡ್ಲರ್ ಅವರ ಮಾತಿನಿಂದಲ್ಲ, ಮೇಜಿನಿಂದ. ನೋಡಿದ್ದಷ್ಟೇ ಸಾಲದೆ, ಸಹಪಾಠಿಯ ಬಾಡಿಗೆ ಕೋಣೆಯಲ್ಲಿ ಇಬ್ಬರೂ ಸೇರಿ ಒಂದು ಪುಟಾಣಿ ಲ್ಯಾಬು ಹೂಡಿದರು. ಆಕ್ಸಿಜನ್ ಮತ್ತು ಹೈಡ್ರೊಜನ್ ಉರಿಸುವ ಊದುಕೊಳವೆಯನ್ನು ತೆಳು ತಗಡಿನಲ್ಲಿ ಬೆಸುಗೆ ಹಾಕಿಸಿ ಮಾಡಿಸಿದರು. ಬೆಸುಗೆ ಬಿಟ್ಟಿತ್ತು. ಢಮಾರ್ ಎಂದು ಸಿಡಿಯಿತು. ಇಬ್ಬರೂ ಉಳಿದದ್ದು ಪುಣ್ಯ. ಲ್ಯಾಬಿನಲ್ಲಿ ಏನನ್ನೂ ಒಡೆಯದ ರಸಾಯನಶಾಸ್ತ್ರಜ್ಞರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನನ್ನ ಸಮಾಧಾನಕ್ಕೆ ಹೇಳಿಕೊಳ್ಳುತ್ತಿದ್ದೇನೆ ಎಂದು ಬೇಕಾದರೆ ತಿಳಿದುಕೊಳ್ಳಿ.

1882ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಸಿಕ್ಕಿ ಎಡಿನ್‌ಬರೋಗೆ ಹೋದರು. ಗುರು ಅಲೆಕ್ಸಾಂಡರ್ ಕ್ರಮ್ ಬ್ರೌನ್. ಸ್ಕಾಟ್ಲೆಂಡಿನ ಚಳಿ ಹೊಟ್ಟೆಗೆ ಒಗ್ಗಿತಂತೆ. 1885ರಲ್ಲಿ ಪದವಿ ಪರೀಕ್ಷೆಯ ಓದಿನ ನಡುವೆಯೇ ವಿಶ್ವವಿದ್ಯಾನಿಲಯದ ಪ್ರಬಂಧ ಸ್ಪರ್ಧೆಗೆ ಬರೆದರು. ವಿಷಯ ಸಿಪಾಯಿ ದಂಗೆಗೆ ಮುಂಚಿನ ಮತ್ತು ಆಮೇಲಿನ ಭಾರತ. ಬ್ರಿಟಿಷ್ ಆಳ್ವಿಕೆಯನ್ನು ನೇರಾನೇರ ಜಾಡಿಸಿದ ಬರಹ. ಬಹುಮಾನ ಬರಲಿಲ್ಲ, ಬಂದಿದ್ದರೆ ಆಶ್ಚರ್ಯಪಡಬೇಕಿತ್ತು. 1887ರಲ್ಲಿ ಡಾಕ್ಟರ್ ಆಫ್ ಸೈನ್ಸ್ ಪದವಿ ಬಂತು.

ಮರುವರ್ಷ ಆ ಪದವಿ ಹೊತ್ತು ಊರಿಗೆ ಬಂದವರಿಗೆ ಕೆಲಸ ಇಲ್ಲ! ಹತ್ತಿರ ಹತ್ತಿರ ಒಂದು ವರ್ಷ ಗೆಳೆಯ ಜಗದೀಶಚಂದ್ರ ಬೋಸರ ಮನೆಯಲ್ಲಿದ್ದರು. 1889ರ ಜುಲೈಯಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಾತ್ಕಾಲಿಕ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಸಿಕ್ಕಿತು. ತಿಂಗಳಿಗೆ 250 ರೂಪಾಯಿ. ಮೇಲಿನ ದರ್ಜೆಯ ಇಂಪೀರಿಯಲ್ ಸೇವೆ ಬಹುಮಟ್ಟಿಗೆ ಬಿಳಿಯರಿಗೆ, ಕೆಳಗಿನ ಪ್ರಾಂತೀಯ ಸೇವೆ ನಮ್ಮವರಿಗೆ. ಬ್ರಿಟನ್ನಿನಿಂದ ಅದೇ ಪದವಿ ತಂದ ಬಿಳಿಯನಿಗೆ ಇದಕ್ಕಿಂತ ಎಷ್ಟೋ ಹೆಚ್ಚು. ರಾಯರು ಡಾರ್ಜಿಲಿಂಗಿಗೆ ಹೋಗಿ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರನ್ನು ಕಂಡು ಕೇಳಿದರು. ಬೇರೆ ಕಸುಬುಗಳೂ ಇವೆಯಲ್ಲ, ಇದನ್ನೇ ಒಪ್ಪಿಕೊಳ್ಳಿ ಎಂದು ಯಾರೂ ಬಲವಂತ ಮಾಡಿಲ್ಲ ಎನ್ನುವ ಅರ್ಥದ ಉತ್ತರ ಬಂತು. ಆ ಮಾತು ಅವರಿಗೆ ನಾಟಿತು. ಬೇರೆ ಕಸುಬು ಇದೆಯೋ ಇಲ್ಲವೋ ನೋಡಿಯೇಬಿಡುತ್ತೇನೆ ಎಂಬ ಛಲ ಮುಂದೆ ಕಾರ್ಖಾನೆಯಾಗಿ ಬೆಳೆದದ್ದಕ್ಕೆ ಈ ನಾಟುವಿಕೆಯೂ ಒಂದು ಕಾರಣ ಎಂದು ನನ್ನ ಎಣಿಕೆ.

ಮೊದಲು ತರಗತಿಗೆ ಹೋಗೋಣ. ಎಡಿನ್‌ಬರೋ ಡಾಕ್ಟರೇಟ್ ಇದ್ದರೂ ತರಗತಿಯ ಮುಂದೆ ಪ್ರಯೋಗ ತೋರಿಸುವ ಕೈಚಳಕ ತನಗಿಲ್ಲ ಎಂದು ರಾಯರಿಗೆ ಗೊತ್ತಿತ್ತು. ಕಾಲೇಜಿನಲ್ಲಿ ಚಂದ್ರಭೂಷಣ ಭಾದುರಿ ಎಂಬ ನುರಿತ ಡೆಮಾನ್‌ಸ್ಟ್ರೇಟರ್ ಇದ್ದರು. ರಾಯರು ಸಂಕೋಚ ಬಿಟ್ಟು ಅವರ ಬಳಿ ಕಲಿತರು. ಪಾಠಕ್ಕೆ ಮುಂಚೆ ಅವರ ಜೊತೆ ಪ್ರಯೋಗಗಳನ್ನು ಮಾಡಿ ಮಾಡಿ ಕೈ ಪಳಗಿಸಿಕೊಂಡರು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ಬರೆದುಕೊಂಡಿದ್ದಾರೆ. ನಮ್ಮ ಕಾಲೇಜುಗಳಲ್ಲಿ ಡೆಮಾನ್‌ಸ್ಟ್ರೇಟರಿಗೂ ಅಟೆಂಡರಿಗೂ ಯಾವ ಮರ್ಯಾದೆ ಇದೆ ಎಂದು ಬಲ್ಲವರಿಗೆ ಈ ಸಾಲಿನ ತೂಕ ತಿಳಿಯುತ್ತದೆ.

ಇನ್ನೊಂದು ಸಂಗತಿ. ಹೆಸರು ಬಂದ ಮೇಲೂ ರಾಯರು ಕೆಳಗಿನ ತರಗತಿಗಳನ್ನು ಬಿಡಲಿಲ್ಲ, ಕೇಳಿ ಪಡೆದರು. ಹೈಸ್ಕೂಲಿನಿಂದ ಆಗಷ್ಟೇ ಬಂದ ಹುಡುಗರು ಹಸಿ ಮಣ್ಣು, ಹೇಗೆ ತಿದ್ದಿದರೆ ಹಾಗೆ ಆಗುತ್ತಾರೆ ಎನ್ನುವುದು ಅವರ ಲೆಕ್ಕ. ಒಂದೇ ಪಠ್ಯಪುಸ್ತಕ ಹಿಡಿದು ಪಾಠ ಮಾಡುತ್ತಿರಲಿಲ್ಲ. ಆಮ್ಲಜನಕ ಎಂದರೆ ಅದರ ಸೂತ್ರಕ್ಕೆ ಮುಂಚೆ ಪ್ರೀಸ್ಟ್ಲಿ ಬರುತ್ತಿದ್ದ, ಲಾವ್ವಾಸಿಯೆ ಬರುತ್ತಿದ್ದ, ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಲೇ ಮೂಲವಸ್ತುಗಳನ್ನು ಕಂಡುಹಿಡಿದ ಷೀಲೆ ಬರುತ್ತಿದ್ದ. ಈಗ ನೋಡಿ, ಪ್ರೊಫೆಸರ್ ಆದವರು ಮೊದಲು ಕಳಚಿಕೊಳ್ಳುವ ಹೊರೆಯೇ ಮೊದಲ ವರ್ಷದ ತರಗತಿ. ನಾನೂ ಹಾಗೆಯೇ ಮಾಡಿದೆ. ಅಂತಿಮ ವರ್ಷದ ಪಾಠ ಸಿಕ್ಕಿದ ದಿನ ಮನೆಗೆ ಮೈಸೂರುಪಾಕು ತಂದಿದ್ದೆ.

ಅವರ ತರಗತಿಯ ಒಂದು ದೃಶ್ಯವನ್ನು ಶಿಷ್ಯರು ಮತ್ತೆ ಮತ್ತೆ ನೆನೆದಿದ್ದಾರೆ. ಕ್ಯಾಲ್ಸಿಯಂ ಫಾಸ್ಫೇಟಿನ ಪಾಠ. ಮೇಜಿನ ಮೇಲೆ ಸುಟ್ಟು ಬೆಳ್ಳಗಾದ ಮೂಳೆಯ ತುಂಡು. ಅದು ಯಾವ ಪ್ರಾಣಿಯದ್ದೋ ಎಂದು ಹುಡುಗರ ಮುಖದಲ್ಲಿ ಕಸಿವಿಸಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಲ್ಕತ್ತೆ, ಅರ್ಧಕ್ಕರ್ಧ ಮಡಿವಂತರ ಮಕ್ಕಳು. ರಾಯರು ಆ ಬೂದಿಯ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಅಗಿದರು. ಬೆಂಕಿಗೆ ಬಿದ್ದ ಮೇಲೆ ಹಸುವೂ ಇಲ್ಲ, ಎಮ್ಮೆಯೂ ಇಲ್ಲ, ಇರುವುದು ಒಂದು ಲವಣ. ಫಾಸ್ಫೇಟಿನ ಗುಣಗಳನ್ನು ಆ ಹುಡುಗರು ಮರೆತಿದ್ದರೂ ಮರೆತಿರಬಹುದು, ಮೇಷ್ಟರ ದವಡೆಯ ಕಟಕಟ ಸದ್ದನ್ನು ಮರೆತಿರಲಾರರು. ಈ ಮೈಕಿನ ಮುಂದೆ ಕೂತು ನಾನು ತೋರಿಸಲಾಗದ ಪ್ರಯೋಗ ಅದು.

ಇನ್ನು ಸಂಶೋಧನೆ. ಪ್ರೆಸಿಡೆನ್ಸಿಯಲ್ಲಿ ಅವರು ಮೊದಲು ಕೈಹಾಕಿದ್ದು ತುಪ್ಪ ಮತ್ತು ಸಾಸಿವೆ ಎಣ್ಣೆಗೆ. ಬಂಗಾಳದ ಅಡುಗೆ ಸಾಸಿವೆ ಎಣ್ಣೆಯಿಲ್ಲದೆ ನಡೆಯುವುದಿಲ್ಲ. ಪೇಟೆಯ ಎಣ್ಣೆ, ತುಪ್ಪ ಎರಡರಲ್ಲೂ ಕಲಬೆರಕೆ. ಕಲಬೆರಕೆ ಹಿಡಿಯಲು ಪರೀಕ್ಷೆ ಇದೆ. ಬೆಣ್ಣೆಯ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲದಂಥ, ಬಿಸಿಗೆ ಹಬೆಯಾಗಿ ಹಾರುವ ಆಮ್ಲಗಳಿರುತ್ತವೆ. ಬೇರೆ ಕೊಬ್ಬುಗಳಲ್ಲಿ ಅವು ಇರುವುದು ಕಡಿಮೆ. ಅವನ್ನು ಬಟ್ಟಿ ಇಳಿಸಿ ಅಳೆದರೆ ತುಪ್ಪದ ಬಂಡವಾಳ ಬಯಲು. ಆದರೆ ಅಳತೆಗೆ ಮೊದಲು ಒಂದು ಮಾನ ಬೇಕು. ಅಪ್ಪಟ ತುಪ್ಪ ಎಂದರೆ ಎಷ್ಟಿರಬೇಕು? ಅಪ್ಪಟವಾದದ್ದು ಎಲ್ಲಿದೆ? ರಾಯರು ಯಾರ ಮಾತನ್ನೂ ನೆಚ್ಚಲಿಲ್ಲ. ಹಸುವನ್ನು ಕಣ್ಣೆದುರೇ ಕರೆಸಿದರು, ಆ ಹಾಲಿನಿಂದಲೇ ಬೆಣ್ಣೆ ತೆಗೆಸಿ ಕಾಯಿಸಿದರು. ಸಾಸಿವೆಯನ್ನು ಎದುರಿಗೇ ಅರೆಸಿ ಎಣ್ಣೆ ತೆಗೆಸಿದರು. ಇಂಥ ಚಾಕರಿಗೆ ಮೂರು ವರ್ಷ ಹಿಡಿಯಿತು. 1894ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಎಡಿನ್‌ಬರೋದಿಂದ ಬಂದ ವಿದ್ವಾಂಸ ಹಸು ಕರೆಯುವವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಂಬಿಗೆಯನ್ನೇ ನೋಡುತ್ತಿರುವ ಚಿತ್ರವನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ.

ಅದೇ ಹೊತ್ತಿಗೆ, 1892ರಲ್ಲಿ, ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೆಯ ನಂಬರಿನ ತಮ್ಮ ಬಾಡಿಗೆ ಮನೆಯಲ್ಲಿ ಸುಮಾರು 700 ರೂಪಾಯಿ ಬಂಡವಾಳ ಹಾಕಿ ಔಷಧ ತಯಾರಿ ಶುರುಮಾಡಿದರು. ಅದೇ ಬೆಂಗಾಲ್ ಕೆಮಿಕಲ್ಸ್. ಸೋಡಿಯಂ ಫಾಸ್ಫೇಟ್ ಆಗ ಪರದೇಶದಿಂದ ಬರುತ್ತಿತ್ತು, ಅದನ್ನು ಮೂಳೆಯಿಂದ ಮಾಡಬಹುದಲ್ಲ ಎಂದು ಹೊರಟರು. ಮೂಳೆ ಸುಟ್ಟು, ಆ ಬೂದಿಗೆ ಗಂಧಕಾಮ್ಲ ಹಾಕಿ, ಉಳಿದ ಜಿಪ್ಸಮ್ ಸೋಸಿ ತೆಗೆದು, ಸೋಡಾ ಬೆರೆಸಿ, ಹರಳುಗಟ್ಟಿಸಿದರೆ ಆಯಿತು. ಕಾಗದದ ಮೇಲೆ ನಾಲ್ಕು ಸಾಲು. ಕಸಾಯಿಗಳಿಂದ ಹಸಿ ಮೂಳೆಯ ಮೂಟೆಗಳನ್ನು ತರಿಸಿ ಮನೆಯ ತಾರಸಿಯ ಮೇಲೆ ಒಣಹಾಕಿದರು. ಚಳಿಗಾಲ, ಒಣಗುತ್ತದೆ ಎಂಬ ನೆಚ್ಚಿಕೆ. ಅಕಾಲ ಮಳೆ ಹಿಡಿಯಿತು, ದಿನಗಟ್ಟಲೆ ಬಿಡಲಿಲ್ಲ. ಮೂಳೆಗೆ ಅಂಟಿದ್ದ ಮಾಂಸ ಕೊಳೆತು ಹುಳು ಬಿತ್ತು. ಕಾಗೆಗಳಿಗೆ ಸಂತರ್ಪಣೆ. ತಿಂದದ್ದು ಸಾಲದೆ, ಕಚ್ಚಿಕೊಂಡು ಹೋಗಿ ಅಕ್ಕಪಕ್ಕದ ಮನೆಗಳ ಮೇಲೆಲ್ಲ ಉದುರಿಸಿದವು. ನೆರೆಯವರು ಸುಮ್ಮನಿರುತ್ತಾರೆಯೆ? ನಗರಸಭೆಯ ಆರೋಗ್ಯ ಇಲಾಖೆಯಿಂದ ತಾಕೀತು ಬಂತು. ರಾಯರು ಮೂಳೆಯನ್ನೆಲ್ಲ ಊರಾಚೆ ಮಾಣಿಕತಲಾದ ಕಡೆ ಸಾಗಿಸಿ, ಅಲ್ಲಿ ಬೆಂಕಿಯಿಟ್ಟರು. ರಾತ್ರಿಯ ಉರಿ ನೋಡಿ ಬಂದ ಪೊಲೀಸಿನವನಿಗೆ ಯಾರದ್ದೋ ಹೆಣ ಸುಡುತ್ತಿದ್ದಾರೆ ಎಂಬ ಗುಮಾನಿ. ಇದನ್ನೆಲ್ಲ ಅವರು ನಗುತ್ತಲೇ ಬರೆದಿದ್ದಾರೆ. ಕೊನೆಗೂ ಸೋಡಿಯಂ ಫಾಸ್ಫೇಟಿನ ಹರಳು ಬಂತು.

ಕಾಲೇಜು ಮುಗಿಸಿ ಬಂದವರು ಸಂಜೆ ಈ ಕೆಲಸಕ್ಕೆ ಕೂರುತ್ತಿದ್ದರು. ಜೊತೆಗೆ ಸೇರಿದ ಡಾಕ್ಟರ್ ಅಮೂಲ್ಯಚರಣ ಬೋಸ್ ಆಡುಸೋಗೆಯ ಕಷಾಯ, ಓಮದ ಅರ್ಕ ಇಂಥ ನಾಟಿ ಮದ್ದುಗಳನ್ನು ವೈದ್ಯರ ಬೀರುವಿಗೆ ತಲುಪಿಸಿದರು. 1898ರ ಪ್ಲೇಗು ಆ ಗೆಳೆಯನನ್ನು ಒಯ್ದಿತು. ರಾಯರು ಬಿಡಲಿಲ್ಲ. 1901ರಲ್ಲಿ ಅದು ಲಿಮಿಟೆಡ್ ಕಂಪನಿಯಾಯಿತು. ಈಗ ಸರ್ಕಾರದ ಉದ್ಯಮ. ಇವತ್ತಿಗೂ ಅದರ ಫಿನೈಲು, ನುಸಿಗುಳಿಗೆ ಅಂಗಡಿಗಳಲ್ಲಿವೆ.

ಈಗ ಪಾದರಸ. 1895ನೆಯ ಇಸವಿ. ರಾಯರಿಗೆ ಬೇಕಾಗಿದ್ದದ್ದು ಮರ್ಕ್ಯುರಸ್ ನೈಟ್ರೇಟ್. ಮುಂದಿನ ಒಂದು ತಯಾರಿಕೆಗೆ ಅದು ಮೆಟ್ಟಿಲು, ಅಷ್ಟೆ. ಪಾದರಸದ ಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಕಾಯಿಸದೆ, ತಣ್ಣಗೆ ಸುರಿದಿಟ್ಟರು. ಸ್ವಲ್ಪ ಹೊತ್ತಿಗೆ ಲೋಹದ ಮೇಲೆ ಹಳದಿ ಹರಳು ಕಟ್ಟಲು ಶುರುವಾಯಿತು. ನೈಟ್ರೇಟ್ ಬಿಳಿ, ಇದು ಹಳದಿ. ಮೊದಲ ನೋಟಕ್ಕೆ ಯಾವುದೋ ಪ್ರತ್ಯಾಮ್ಲೀಯ ಲವಣ ಅನ್ನಿಸಿತು. ಆದರೆ ಅಷ್ಟು ಆಮ್ಲದ ನಡುವೆ ಅಂಥ ಲವಣ ಹೇಗೆ ಹುಟ್ಟೀತು? ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನನ್ನಂಥವರು ಆ ಹಳದಿಯನ್ನು ಕಶ್ಮಲ ಎಂದು ತೊಳೆದು ಚೆಲ್ಲುತ್ತಾರೆ, ಏಕೆಂದರೆ ನಮಗೆ ಬೇಕಾದದ್ದು ಅದಲ್ಲ. ರಾಯರು ಬೇಕಾದದ್ದನ್ನು ಪಕ್ಕಕ್ಕಿಟ್ಟು ಬೇಡದ್ದನ್ನು ಪರೀಕ್ಷೆಗೆ ಒಡ್ಡಿದರು. ಅದು ಮರ್ಕ್ಯುರಸ್ ನೈಟ್ರೈಟ್. ಮರ್ಕ್ಯುರಸ್ ಅಯಾನು ಒಂದು ಚಂಚಲ ಜೀವ, ನೈಟ್ರೈಟ್ ಅದಕ್ಕಿಂತ ಚಂಚಲ. ಎರಡು ತುಂಟ ಹುಡುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಿದರೆ ಇಬ್ಬರೂ ಗಪ್‌ಚಿಪ್ ಆದ ಹಾಗೆ, ಇಬ್ಬರೂ ಸೇರಿ ನೆಮ್ಮದಿಯಾಗಿ ಹರಳುಗಟ್ಟಿ ಕೂತಿದ್ದರು. 1896ರಲ್ಲಿ ಲೇಖನ ಬಂತು. ಆ ಮೇ ತಿಂಗಳಲ್ಲಿ ಲಂಡನ್ನಿನ ನೇಚರ್ ಪತ್ರಿಕೆ ಅದನ್ನು ಗಮನಿಸಿ ಬರೆಯಿತು.

ಆಮೇಲೆ ನೈಟ್ರೈಟುಗಳೇ ಅವರ ಹೊಲವಾದವು. ಉಳುತ್ತಲೇ ಹೋದರು. ಅಮೋನಿಯಂ ನೈಟ್ರೈಟ್ ಗೊತ್ತಲ್ಲ. ಕಾಲೇಜಿನಲ್ಲಿ ವಿಜ್ಞಾನ ಓದಿದವರು ಲ್ಯಾಬಿನಲ್ಲಿ ಸಾರಜನಕ ತಯಾರಿಸಿದ್ದು ಅದನ್ನು ಕಾಯಿಸಿಯೇ. ಬಿಸಿ ತಾಗಿದರೆ ಸಾರಜನಕವೂ ನೀರೂ ಆಗಿ ಒಡೆದುಹೋಗುತ್ತದೆ. ಅಂಥದ್ದನ್ನು ನಿರ್ವಾತದಲ್ಲಿ, ಹದವಾದ ಶಾಖದಲ್ಲಿ, ಒಡೆಯದ ಹಾಗೆ ಆವಿ ಮಾಡಿ ಆ ಆವಿಯ ಸಾಂದ್ರತೆಯನ್ನು ರಾಯರೂ ಶಿಷ್ಯರೂ ಅಳೆದರು. 1912ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಇದನ್ನು ಮಂಡಿಸಿದಾಗ ಹೆಸರಾಂತ ರಸಾಯನಶಾಸ್ತ್ರಜ್ಞ ವಿಲಿಯಂ ರ್‍ಯಾಮ್ಸೆ ಅವರೇ ಎದ್ದು ಅಭಿನಂದಿಸಿದರು. ಹಾಗಂತ ರಾಯರನ್ನು ಆ ಕಾಲದ ಮೊದಲ ಸಾಲಿನ ರಸಾಯನಶಾಸ್ತ್ರಜ್ಞರ ಜೊತೆ ನಿಲ್ಲಿಸುವುದು ಅಭಿಮಾನದ ಮಾತಾದೀತು. ಹೊಸ ಸಿದ್ಧಾಂತವನ್ನು ಅವರು ಕಟ್ಟಲಿಲ್ಲ. ಕೈ ಸೂಕ್ಷ್ಮ, ಕಣ್ಣು ಚುರುಕು, ತಾಳ್ಮೆ ಅಪಾರ. ಅವರ ಸಂಶೋಧನೆಯ ಬಲ ಅದರಲ್ಲಿತ್ತು.

ಕೈಯ ಬಗ್ಗೆ ಅವರಿಗೆ ಒಂದು ವಾದವೇ ಇತ್ತು. ಅದು ಇರುವುದು ಅವರ ಹಿಂದೂ ರಸಾಯನಶಾಸ್ತ್ರದ ಇತಿಹಾಸ ಗ್ರಂಥದಲ್ಲಿ. ಫ್ರಾನ್ಸಿನ ಮಾರ್ಸೆಲಾ ಬೆರ್ತೆಲೊ ಗ್ರೀಕರ, ಅರಬರ ರಸವಿದ್ಯೆಯ ಬಗ್ಗೆ ಬರೆದವರು. ಅವರ ಜೊತೆಗಿನ ಪತ್ರವ್ಯವಹಾರ ರಾಯರನ್ನು ಈ ಕೆಲಸಕ್ಕೆ ಹಚ್ಚಿತು. ಬೇರೆಬೇರೆ ಭಂಡಾರಗಳಿಂದ ಸಂಸ್ಕೃತದ ಹಸ್ತಪ್ರತಿಗಳನ್ನು ತರಿಸಿ, ಪಂಡಿತರನ್ನು ಜೊತೆಗಿಟ್ಟುಕೊಂಡು ಓದಿದರು. ಮೊದಲ ಸಂಪುಟ 1902ರಲ್ಲಿ ಬಂತು, ಎರಡನೆಯದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು. ರಸಾರ್ಣವ ಎಂಬ ಹಳೆಯ ಗ್ರಂಥದಲ್ಲಿ ತಾಮ್ರದ ಜ್ವಾಲೆ ನೀಲಿ, ತವರದ್ದು ಪಾರಿವಾಳದ ಬಣ್ಣ ಎಂದು ಗುರುತು ಹೇಳಿರುವುದನ್ನು ಎತ್ತಿ ತೋರಿಸಿದವರು ಅವರು. ನಮ್ಮ ಹುಡುಗರು ಇವತ್ತಿಗೂ ಸಾಲ್ಟ್ ಅನಾಲಿಸಿಸ್‌ನಲ್ಲಿ ಪ್ಲಾಟಿನಂ ತಂತಿ ಹಿಡಿದು ಮಾಡುವ ಪರೀಕ್ಷೆಯ ಅಜ್ಜಿ ಅದು. ಬಟ್ಟಿ ಇಳಿಸುವ ಯಂತ್ರ, ಬಟ್ಟೆಯಲ್ಲಿ ಕಟ್ಟಿ ತೂಗುಬಿಟ್ಟು ಬೇಯಿಸುವ ಡೋಲಾಯಂತ್ರ ಇವನ್ನೆಲ್ಲ ಚಿತ್ರ ಸಮೇತ ಕೊಟ್ಟರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಹೆಮ್ಮೆಯ ಪುಸ್ತಕವಾಗಿ ಎಲ್ಲರಿಗೂ ಹಿತವಾಗಿರುತ್ತಿತ್ತು. ರಾಯರು ಮುಂದಿನ ಪ್ರಶ್ನೆಯನ್ನೂ ಕೇಳಿದರು. ಹೀಗೆಲ್ಲ ಇದ್ದದ್ದು ಯಾಕೆ ನಿಂತುಹೋಯಿತು? ಅವರು ಕೊಟ್ಟ ಉತ್ತರ ಖಾರವಾಗಿದೆ. ಜಾತಿ ಗಟ್ಟಿಯಾಗುತ್ತ ಹೋದ ಹಾಗೆ ಲೋಹ ಕರಗಿಸುವವರು, ಬಣ್ಣ ಹಾಕುವವರು, ಚರ್ಮ ಹದ ಮಾಡುವವರು ಕೀಳಾದರು. ಓದುಬಲ್ಲವರು ಕೈಗೆಲಸದಿಂದ ದೂರ ಸರಿದರು. ಮಾಡುವವರಿಗೆ ಯಾಕೆ ಎಂದು ಕೇಳುವ ವಿದ್ಯೆ ಇಲ್ಲ, ಕೇಳಬಲ್ಲವರಿಗೆ ಮುಟ್ಟಿ ನೋಡುವ ಮನಸ್ಸಿಲ್ಲ. ಜಗತ್ತು ಮಾಯೆ ಎನ್ನುವ ದರ್ಶನವೂ ಇದಕ್ಕೆ ನೀರೆರೆಯಿತು ಎಂದು ಶಂಕರರ ಹೆಸರು ಹಿಡಿದೇ ಬರೆದರು. ಕೊನೆಯ ಮಾತಿಗೆ ನನ್ನ ತಕರಾರಿದೆ. ಒಂದು ದರ್ಶನದ ತಲೆಯ ಮೇಲೆ ಅಷ್ಟು ದೊಡ್ಡ ಹೊರೆ ಹೇರುವುದು ಸರಿಯಲ್ಲ. ಆದರೆ ಮೊದಲ ಮಾತು? ಮುಷ್ಟಿಯಷ್ಟು ಬಾಟಲಿಯನ್ನು ಬೀಳಿಸಿದವನಿಗೆ ಅದಕ್ಕೆ ಸಾಕ್ಷಿ ಬೇಕಾಗಿಲ್ಲ. ತಾರಸಿಯ ಮೂಳೆ, ಎದುರಿಗೇ ಕರೆಸಿದ ಹಾಲು, ಅಗಿದ ಬೂದಿ, ಎಲ್ಲದರ ಹಿಂದೆ ಈ ಅಧ್ಯಾಯ ಇದೆ.

1916ರಲ್ಲಿ ಪ್ರೆಸಿಡೆನ್ಸಿಯಿಂದ ನಿವೃತ್ತರಾದರು. ಕಲ್ಕತ್ತಾ ವಿಶ್ವವಿದ್ಯಾನಿಲಯದ ಹೊಸ ಸೈನ್ಸ್ ಕಾಲೇಜನ್ನು ಕಟ್ಟಿದ ಅಶುತೋಷ್ ಮುಖರ್ಜಿ ರಾಯರನ್ನು ಅಲ್ಲಿಗೆ ಕರೆದರು. ತಾರಕನಾಥ ಪಾಲಿತ್ ಎಂಬ ಬ್ಯಾರಿಸ್ಟರ್ ತಮ್ಮ ಆಸ್ತಿಯನ್ನೇ ಕೊಟ್ಟು ಸ್ಥಾಪಿಸಿದ ಎರಡು ಪೀಠಗಳಲ್ಲಿ ರಸಾಯನಶಾಸ್ತ್ರದ್ದು ರಾಯರಿಗೆ. ಭೌತಶಾಸ್ತ್ರದ್ದು ಮರುವರ್ಷ ತರುಣ ಸಿ.ವಿ. ರಾಮನ್ ಅವರಿಗೆ. ರಾಯರು ಕಾಲೇಜಿನ ಕಟ್ಟಡದಲ್ಲೇ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ವಾಸಕ್ಕಿಳಿದರು. ಮದುವೆಯಾಗಿರಲಿಲ್ಲ. ಒಂದು ಮಂಚ, ಪುಸ್ತಕ, ತೇಪೆ ಹಾಕಿದ ಬಟ್ಟೆ. ಜೊತೆಗೆ ಊಟಕ್ಕೂ ಫೀಜಿಗೂ ಅವರನ್ನೇ ನಂಬಿದ ಒಂದಿಬ್ಬರು ಹುಡುಗರು ಸದಾ ಇರುತ್ತಿದ್ದರು. ಸಂಜೆ ಶಿಷ್ಯರ ಗುಂಪು ಕಟ್ಟಿಕೊಂಡು ಮೈದಾನಕ್ಕೆ ಗಾಳಿ ಸೇವನೆ. ಅವರ ಸರಳತೆ ಮುದಿತನದಲ್ಲಿ ಬಂದದ್ದಲ್ಲ. 1901ರ ಕೊನೆಗೆ ಕಲ್ಕತ್ತೆಗೆ ಬಂದಿದ್ದ ಗಾಂಧಿಯವರಿಗೆ ಗೋಖಲೆ ಇವರ ಪರಿಚಯ ಮಾಡಿಸಿದರು. ಸಂಬಳ 800 ರೂಪಾಯಿ, ತನಗೆ ಇಟ್ಟುಕೊಳ್ಳುವುದು 40, ಉಳಿದದ್ದೆಲ್ಲ ಸಾರ್ವಜನಿಕ ಕೆಲಸಕ್ಕೆ ಎಂದು ಗೋಖಲೆ ಹೇಳಿದ್ದನ್ನು ಗಾಂಧಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. 1921ರಲ್ಲಿ, ವಯಸ್ಸು 60 ತುಂಬಿದಾಗ, ಇನ್ನು ಮುಂದಿನ ಸಂಬಳವನ್ನೆಲ್ಲ ರಸಾಯನಶಾಸ್ತ್ರ ವಿಭಾಗಕ್ಕೇ ಬಳಸಿಕೊಳ್ಳಿ ಎಂದು ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. 1936ರಲ್ಲಿ ಪೀಠ ಬಿಡುವ ತನಕ ಹಾಗೆಯೇ ನಡೆಯಿತು.

1922ರಲ್ಲಿ ಉತ್ತರ ಬಂಗಾಳದಲ್ಲಿ ನೆರೆ ಬಂದಾಗ ಸೈನ್ಸ್ ಕಾಲೇಜು ಉಗ್ರಾಣವಾಯಿತು. ಅಕ್ಕಿ, ಬಟ್ಟೆ, ಸ್ವಯಂಸೇವಕ ಹುಡುಗರು. ಮುದುಕ ರಾಯರೇ ಮುಂದೆ ನಿಂತು ನಡೆಸಿದರು. ಚರಕವನ್ನು ಮೊದಲು ಗೇಲಿ ಮಾಡುತ್ತಿದ್ದವರು ಆಮೇಲೆ ತಾವೇ ಹಿಡಿದರು. ವಿಜ್ಞಾನ ಕಾಯಬಹುದು, ಸ್ವರಾಜ್ಯ ಕಾಯುವುದಿಲ್ಲ ಎಂದು ಅವರು ಹೇಳಿದ್ದು ಪ್ರಸಿದ್ಧ. ಅವರು ಲ್ಯಾಬನ್ನು ಮರೆತರು ಎಂದು ಗೊಣಗಿದವರೂ ಇದ್ದರು. ಅಷ್ಟು ಹೊತ್ತಿಗೆ ಲ್ಯಾಬು ನಡೆಸಲು ಶಿಷ್ಯರಿದ್ದರು ಎನ್ನುವುದನ್ನು ಗೊಣಗುವವರು ಮರೆತಿರಬೇಕು. ನೀಲರತನ ಧರ್ ಅಲಹಾಬಾದಿಗೆ ಹೋಗಿ ಅಲ್ಲಿ ಬೇರು ಬಿಟ್ಟರು. ಜ್ಞಾನೇಂದ್ರನಾಥ ಮುಖರ್ಜಿ ಕಲಿಲಗಳ ಮೇಲೆ ಕೆಲಸ ಮಾಡಿದರು. ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಭೌತಶಾಸ್ತ್ರಕ್ಕೆ ಹೋದರೂ ಪ್ರೆಸಿಡೆನ್ಸಿಯಲ್ಲಿ ರಾಯರ ತರಗತಿಯಲ್ಲಿ ಕೂತವರೇ. 1924ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿ ಹುಟ್ಟಿದಾಗ ಮೊದಲ ಅಧ್ಯಕ್ಷರು ಗುರುಗಳು, ಕಟ್ಟಿದವರು ಶಿಷ್ಯರು.

ನಮ್ಮ ಬೆಂಗಳೂರಿಗೂ ಈ ಬಳ್ಳಿ ಹಬ್ಬಿದೆ. ಲವಣಗಳು ನೀರಿನಲ್ಲಿ ಅಯಾನುಗಳಾಗುವ ಬಗ್ಗೆ ಚಿಕ್ಕ ವಯಸ್ಸಿಗೇ ಸಿದ್ಧಾಂತ ಮಂಡಿಸಿ ಯುರೋಪಿನವರನ್ನು ತಿರುಗಿ ನೋಡಿಸಿದ ಜ್ಞಾನಚಂದ್ರ ಘೋಷ್ ರಾಯರ ಶಿಷ್ಯರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಜನ ಕರೆಯುವ ವಿಜ್ಞಾನ ಮಂದಿರಕ್ಕೆ ರಾಮನ್ ಅವರ ನಂತರದ ನಿರ್ದೇಶಕರಾಗಿ 1939ರಲ್ಲಿ ಬಂದವರು ಅವರೇ. ಕಲ್ಕತ್ತೆಯ ಒಂದೇ ಕಟ್ಟಡದಲ್ಲಿ ಇಬ್ಬರು ಪಾಲಿತ್ ಪ್ರೊಫೆಸರುಗಳು. ಅವರಲ್ಲೊಬ್ಬರು ಮಲ್ಲೇಶ್ವರದಾಚೆಯ ಆ ಕಲ್ಲಿನ ಕಟ್ಟಡಕ್ಕೆ ಬಂದರು, ಅವರ ಹಿಂದೆಯೇ ಇನ್ನೊಬ್ಬರ ಶಿಷ್ಯ ಬಂದು ಅದೇ ಕುರ್ಚಿಯಲ್ಲಿ ಕೂತು 1947ರವರೆಗೆ ನಡೆಸಿದರು. ರಾಯರು 1944ರ ಜೂನ್ 16ರಂದು ಸೈನ್ಸ್ ಕಾಲೇಜಿನ ಅದೇ ಕೋಣೆಯಲ್ಲಿ ತೀರಿಕೊಂಡರು, ಶಿಷ್ಯರು ಸುತ್ತ ಇದ್ದರು. ಅಪ್ಪರ್ ಸರ್ಕ್ಯುಲರ್ ರಸ್ತೆಗೆ ಈಗ ಅವರದೇ ಹೆಸರು.

ಕಿಟಕಿಯ ಕಟ್ಟೆಯ ಮೇಲಿನ ಬಟ್ಟಲಿಗೆ ಬರುತ್ತೇನೆ. ಮರುದಿನ ಬೆಳಿಗ್ಗೆ ನಾನೇ ಮೊದಲು ಹೋಗಿ ನೋಡಿದೆ. ಮಳೆ ಬಿಟ್ಟಿತ್ತು, ಲ್ಯಾಬು ತಣ್ಣಗಿತ್ತು. ಪಾದರಸ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ, ಆಮ್ಲ ತಾಗಿದ ಕಡೆ, ತಿಳಿ ಹಳದಿಯ ತೆಳುವಾದ ಹೊಪ್ಪಳಿಕೆ, ಅರಿಸಿನ ಉದುರಿಸಿದ ಹಾಗೆ. ಅಟೆಂಡರ್ ಬಂದ ಮೇಲೆ, ಇದೇನು ಅಂತ ಕೇಳಿದೆ.

"ಅದು ಯಾವಾಗ್ಲೂ ಬರ್ತದೆ ಸರ್. ಒಂದು ರಾತ್ರಿ ಬಿಟ್ರೆ ಬರ್ತದೆ, ಬಿಸಿ ಮಾಡಿದ್ರೆ ಬರೋದಿಲ್ಲ."

ರಾಯರ ಆತ್ಮಕಥೆ ನನ್ನ ಕೈಗೆ ಸಿಕ್ಕಿದ್ದು ಅದಾಗಿ ಹದಿನೈದು ವರ್ಷದ ಮೇಲೆ. ಆ ಹಳದಿ ಇದೇ ಹಳದಿಯೋ ಬೇರೆಯೋ ನಾನು ಆಣೆ ಮಾಡಿ ಹೇಳಲಾರೆ; ಒಂದು ಟೆಸ್ಟ್ ಟ್ಯೂಬಿಗೆ ಹಾಕಿ ನೋಡಿದ್ದರೆ ಹೇಳಬಹುದಿತ್ತು. ಆತ್ಮಕಥೆ ಓದುವ ಹೊತ್ತಿಗೆ ಅಟೆಂಡರ್ ನಿವೃತ್ತರಾಗಿ ಊರಿಗೆ ಹೋಗಿದ್ದರು. ಬಟ್ಟಲು ನೋಡಿದ ಆ ಬೆಳಿಗ್ಗೆ ಹತ್ತು ಗಂಟೆಗೆ ಬ್ಯಾಚ್ ಇತ್ತು, ನನಗೆ ಚೊಕ್ಕ ಪಾದರಸ ಬೇಕಿತ್ತು. ಅದನ್ನು ಸಿಂಕಿಗೆ ಒಯ್ದು, ನಲ್ಲಿ ತಿರುಗಿಸಿ, ಹಳದಿಯನ್ನೆಲ್ಲ ತೊಳೆದುಬಿಟ್ಟೆ.